ಮೆಸೊಥೆಲಿನ್ 2.6 ಬಂದರೆ ಕ್ಯಾನ್ಸರ್ ಅಂತಾನಾ?

ಓದುಗರ ಪ್ರಶ್ನೆ, ಮೈಸೂರಿನ ಪೆಥಾಲಜಿಸ್ಟ್ ಉತ್ತರ

ಪ್ರಶ್ನೆ: ತಂದೆಗೆ 68 ವರ್ಷ. ಗುತ್ತಿಗೆಯಲ್ಲಿ ಬೇರೆ ಬೇರೆ ಕಾರ್ಖಾನೆಗಳ ಬಾಯ್ಲರ್ ಪೈಪಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತುತ್ತಿದ್ದರು. ಆ ಕೆಲಸ ಬಿಟ್ಟು ಬಹಳ ವರ್ಷಗಳಾದವು. ಈಗ ಬಲಗಡೆ ಎದೆಯಲ್ಲಿ ನೀರು. ತೆಗೆಸಿದರೆ ಮತ್ತೆ ತುಂಬುತ್ತದೆ. ನೀರಿನಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿಲ್ಲ. ಎಡಿಎ (ಆ ನೀರಿನಲ್ಲಿ ಟಿಬಿ ಸುಳಿವು ನೋಡುವ ಪರೀಕ್ಷೆ) 31. ರಕ್ತದಲ್ಲಿ ಮೆಸೊಥೆಲಿನ್ (ಮೆಸೊಥೆಲಿಯೊಮಾ, ಅಂದರೆ ಶ್ವಾಸಕೋಶದ ಹೊದಿಕೆ ಪೊರೆಯ ಕ್ಯಾನ್ಸರ್‌ನಲ್ಲಿ ಏರುವ ಪ್ರೋಟೀನ್) 2.6, ಲ್ಯಾಬ್ ಬರೆದ ಮಿತಿ 1.5. ಕ್ರಿಯಾಟಿನಿನ್ 1.9. ಇದು ಕ್ಯಾನ್ಸರೇ ಅಲ್ವಾ? (ಓದುಗರು, ಮಂಡ್ಯ)

ಉತ್ತರ: ಇಷ್ಟರಿಂದಲೇ ಹೌದು ಅನ್ನಲು ಬರುವುದಿಲ್ಲ. ಇಲ್ಲ ಅನ್ನಲೂ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು 2.6ರ ಮೇಲಲ್ಲ, ಕ್ರಿಯಾಟಿನಿನ್ ಮೇಲೆ. ಅದು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಂಕಿ, 1.9 ಜಾಸ್ತಿಯೇ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಗಡ್ಡೆ ಇಲ್ಲದವರಿಗೂ ಮೆಸೊಥೆಲಿನ್ ಏರುತ್ತದೆ. ಅಂಡಾಶಯದ ಕ್ಯಾನ್ಸರ್‌ನಂಥ ಬೇರೆ ಗಡ್ಡೆಗಳಲ್ಲೂ ಏರುತ್ತದೆ. ಹಾಗಾಗಿ ಈ ಅಂಕಿಯನ್ನು ಕಿಡ್ನಿ ರಿಪೋರ್ಟಿನ ಜೊತೆಗಿಟ್ಟೇ ಓದಬೇಕು.

ಒಂದು ವೇಳೆ ಕಡಿಮೆ ಬಂದಿದ್ದರೂ ನಿಶ್ಚಿಂತೆಯಾಗಿ ಕೂರುವಂತಿರಲಿಲ್ಲ. 16 ಅಧ್ಯಯನಗಳ ಅಂಕಿ ಅಂಶ ಒಟ್ಟು ಸೇರಿಸಿ 2012ರಲ್ಲಿ ಲೆಕ್ಕ ಹಾಕಿದ್ದಾರೆ. ರೋಗವಿಲ್ಲದ 100 ಜನರಲ್ಲಿ 5 ಜನಕ್ಕಷ್ಟೇ ತಪ್ಪಾಗಿ 'ಇದೆ' ಅನ್ನುವ ಹಾಗೆ ಮಿತಿ ಇಟ್ಟರೆ, ಶುರುವಿನ ಹಂತದ ಮೆಸೊಥೆಲಿಯೊಮಾದವರಲ್ಲಿ ಸಿಕ್ಕಿಬಿದ್ದವರು ನೂರಕ್ಕೆ 32 ಮಾತ್ರ. ಆಸ್ಬೆಸ್ಟಾಸ್ ಕೆಲಸ ಮಾಡಿದ 1000 ಜನರಲ್ಲಿ 5 ಜನಕ್ಕೆ ರೋಗ ಇದೆ ಅಂದುಕೊಳ್ಳಿ. ಸುಮಾರು 50 ಜನ ಸುಮ್ನೆ ಹೆದರುತ್ತಾರೆ. ರೋಗ ಇರುವ ಐವರಲ್ಲಿ ಒಬ್ಬರೋ ಇಬ್ಬರೋ ಸಿಗುತ್ತಾರೆ. ಸಾರ್ಕೊಮಟಾಯ್ಡ್ ಅನ್ನುವ ಕೆಟ್ಟ ಬಗೆಯ ಗಡ್ಡೆಯಂತೂ ಸಾಮಾನ್ಯವಾಗಿ ಮೆಸೊಥೆಲಿನ್ ಬಿಡುವುದೇ ಇಲ್ಲ.

ಫಿಬುಲಿನ್-3 ಅನ್ನುವ ಇನ್ನೊಂದು ರಕ್ತ ಪರೀಕ್ಷೆ ಮಾಡಿಸಲಾ ಅಂತಲೂ ಕೆಲವರು ಕೇಳುತ್ತಾರೆ. 2012ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಪಾಸ್ ಅವರ ತಂಡ ಪ್ರಕಟಿಸಿದಾಗ ಅದರ ಫಲಿತಾಂಶ ಕಣ್ಣು ಕುಕ್ಕುವಂತಿತ್ತು. ಬೇರೆ ದೇಶದವರು ತಮ್ಮ ರೋಗಿಗಳಲ್ಲಿ ನೋಡಿದರೆ ಅಷ್ಟು ಬರಲಿಲ್ಲ. ರೋಗದ ಸುಳಿವು ಕೊಡುವ ಇಂಥ ಬಯೋಮಾರ್ಕರ್‌ಗಳ ವಿಷಯದಲ್ಲಿ ಇದು ಮಾಮೂಲು. ಮೊದಲ ವರದಿ ನೋಡಿ ದುಡ್ಡು ಸುರಿಯಬೇಡಿ.

ನಮ್ಮ ಕಡೆ ಎದೆಯಲ್ಲಿ ನೀರು ಅಂದರೆ ಮೊದಲು ಟಿಬಿ ಯೋಚಿಸುತ್ತೇವೆ. ಎಡಿಎ 40ಕ್ಕಿಂತ ಕಡಿಮೆ ಇರುವುದರಿಂದ ಅದರ ಸಾಧ್ಯತೆ ಇಳಿಯಿತು, ಪೂರ್ತಿ ಹೋಗಲಿಲ್ಲ. ನೀರಿನಲ್ಲಿ ಕೋಶ ಸಿಗದಿರುವುದೂ ಮೆಸೊಥೆಲಿಯೊಮಾದಲ್ಲಿ ಹೊಸದಲ್ಲ. ನೀರು ಮತ್ತೆ ಮತ್ತೆ ತುಂಬುತ್ತಿದೆ, ಕೆಲಸದ ಹಿನ್ನೆಲೆ ಹೀಗಿದೆ. ಇನ್ನು ರಕ್ತ ಕೊಡುತ್ತಾ ತಿರುಗುವುದು ಬೇಡ. ಥೊರಾಕೊಸ್ಕೋಪಿ ಮಾಡಿ, ಅಂದರೆ ಎದೆಯೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡಿ, ಹೊದಿಕೆ ಪೊರೆಯ ಚೂರು ತೆಗೆಯುವ ವೈದ್ಯರ ಬಳಿ ಹೋಗಿ.

ಅಲ್ಲಿಂದ ಮುಂದೆ ನಮ್ಮ ಕೆಲಸ. ನಾವು ನೋಡುವುದೂ ಪ್ರೋಟೀನನ್ನೇ, ಆದರೆ ಸ್ಲೈಡಿನ ಮೇಲೆ. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ1 ಅನ್ನುವ ಪ್ರೋಟೀನ್‌ಗಳು ಬಣ್ಣ ಹಿಡಿದರೆ ಈ ಕೋಶ ಪೊರೆಯದ್ದು, ಶ್ವಾಸಕೋಶದ್ದಲ್ಲ ಅನ್ನುವ ಕಡೆ ವಾಲುತ್ತೇವೆ. ಆಮೇಲೆ ಬಿಎಪಿ1 ಅನ್ನುವ ಪ್ರೋಟೀನಿನ ಬಣ್ಣ. ಆರೋಗ್ಯವಾಗಿರುವ ಕೋಶದ ನ್ಯೂಕ್ಲಿಯಸ್ ಇದರಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಮೆಸೊಥೆಲಿಯೊಮಾ ಆದ ಅನೇಕರಲ್ಲಿ ಗಡ್ಡೆಯ ನ್ಯೂಕ್ಲಿಯಸ್‌ಗಳೆಲ್ಲ ನೀಲಿಯಾಗೇ ಉಳಿದಿರುತ್ತವೆ, ಪಕ್ಕದಲ್ಲೇ ಇರುವ ರಕ್ತನಾಳದ ಕೋಶ ಮಾತ್ರ ಕಂದು. ಆ ಕಂದು ಕಂಡರೇನೇ ಬಣ್ಣ ಸರಿಯಾಗಿ ಕೂತಿದೆ ಅಂತ ನಂಬಿಕೆ. ಪಕ್ಕದ್ದೂ ನೀಲಿಯಾಗಿದ್ದರೆ ನಾನು ರಿಪೋರ್ಟ್ ಬರೆಯುವುದಿಲ್ಲ, ಮತ್ತೆ ಬಣ್ಣ ಹಾಕಿಸುತ್ತೇನೆ. ಒಂದು ದಿನ ತಡವಾಗುತ್ತದೆ, ಆಗಲಿ ಬಿಡಿ.

ಕೇಸ್ ಶೀಟಿನಲ್ಲಿ 'ಕೂಲಿ' ಅಂತಷ್ಟೇ ಬರೆಸಬೇಡಿ. ಎಲ್ಲೆಲ್ಲಿ, ಯಾವ ಇಸವಿಯಿಂದ, ಏನು ಸುತ್ತುತ್ತಿದ್ದರು ಅಂತ ಬರೆಸಿ. ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷವಾದರೂ ಇಟ್ಟಿರಬೇಕು ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗುತ್ತಿಗೆಯವರ ದಾಖಲೆ ಯಾರಿಟ್ಟರು ಅನ್ನುವುದು ಬೇರೆ ಮಾತು.

ಪ್ರಶ್ನೆ: ಯಜಮಾನರಿಗೆ ಮೆಸೊಥೆಲಿಯೊಮಾ ಅಂತ ಬಯಾಪ್ಸಿಯಲ್ಲಿ ಖಚಿತವಾಗಿದೆ, ಎಪಿಥೀಲಿಯಾಯ್ಡ್ ಬಗೆ. ಕೀಮೊಗೆ ಮುಂಚೆ ಮೆಸೊಥೆಲಿನ್ 8.4 ಇತ್ತು, ಈಗ 3.1. ಇನ್ನೆಷ್ಟು ದಿನ ಅಂತ ಇದರಿಂದ ಗೊತ್ತಾಗುತ್ತದಾ? (ಓದುಗರು, ಶ್ರೀರಂಗಪಟ್ಟಣ)

ಉತ್ತರ: ದಿನದ ಲೆಕ್ಕ ಇದರಲ್ಲಿ ಸಿಗುವುದಿಲ್ಲಮ್ಮ. ಆದರೆ ಇಳಿದಿದ್ದು ಒಳ್ಳೆಯ ಸೂಚನೆ. ಈ ಪರೀಕ್ಷೆಯ ನಿಜವಾದ ಉಪಯೋಗ ಇಲ್ಲೇ ಇದೆ. ಊರವರ ಮಿತಿಗೆ ಹೋಲಿಸುವುದಲ್ಲ, ಅವರದೇ ಹಿಂದಿನ ಅಂಕಿಗೆ ಹೋಲಿಸುವುದು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿದ್ದೂ ರೋಗ ಕಂಡುಹಿಡಿಯಲಿಕ್ಕಲ್ಲ, ಇದ್ದವರನ್ನು ಗಮನಿಸಲಿಕ್ಕೆ. ಪ್ರತಿ ಸಲ ಅದೇ ಲ್ಯಾಬಿಗೆ ಕೊಡಿ. ಸಿಟಿ ಸ್ಕ್ಯಾನ್ ಬೇರೆ ಹೇಳಿದರೆ ಸ್ಕ್ಯಾನ್ ಮಾತೇ ನಡೆಯಬೇಕು. ಮುಂದಿನ ದಾರಿ ಹೇಗಿರುತ್ತದೆ ಅನ್ನುವುದನ್ನು ರಕ್ತಕ್ಕಿಂತ ಜಾಸ್ತಿ ಹೇಳುವುದು ಗಡ್ಡೆಯ ಬಗೆ, ಹಂತ, ಮತ್ತೆ ಅವರು ಎದ್ದು ಓಡಾಡಿಕೊಂಡಿದ್ದಾರಾ ಅನ್ನುವುದು. ಎಪಿಥೀಲಿಯಾಯ್ಡ್ ಇರುವುದರಲ್ಲಿ ವಾಸಿ.

ಪ್ರಶ್ನೆ: ಮನೆಯ ಹಿಂದಿನ ಶೆಡ್ಡಿಗೆ ಹಳೇ ಆಸ್ಬೆಸ್ಟಾಸ್ ಶೀಟಿದೆ. ಮನೆಮಂದಿಯೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕಾ? (ಓದುಗರು, ಮೈಸೂರು)

ಉತ್ತರ: ಬೇಡ. ಒಡೆಯದ ಶೀಟು ಬಿಡುವ ನಾರು ಕಡಿಮೆ. ಅದನ್ನು ಕೊರೆಯುವುದು, ಗರಗಸ ಹಾಕುವುದು, ಒಣಗಿದ ಪುಡಿ ಗುಡಿಸುವುದು ಕೆಟ್ಟದ್ದು. ತೆಗೆಸುವುದಾದರೆ ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಲು ಹೇಳಿ. ಮಕ್ಕಳು ಹತ್ತಿರ ಇರಬಾರದು. ಇಳಿಸಲು ಬಂದವನ ಮುಖಕ್ಕೆ ಕರ್ಚೀಫ್ ಸಾಲದು, ಎನ್95 ಕೂಡ ಸಾಲದು, ಪಿ100 ಫಿಲ್ಟರ್ ಇರುವ ಮಾಸ್ಕ್ ಕೊಡಿಸಿ.