ಬಂಗುಡೆ ಮಾಡಿದ ತಪ್ಪೇನು?

ಮಲ್ಪೆಯ ಓದುಗರೊಬ್ಬರ ಪತ್ರ: ‘ತಂದೆಯವರ ಮೊಣಕೈ, ಮೊಣಕಾಲು, ತಲೆಯಲ್ಲಿ ಸೋರಿಯಾಸಿಸ್ ಇದೆ. ಚರ್ಮದಲ್ಲಿ ಪ್ರೋಟೀನ್‌ಗಳ ಲೆಕ್ಕ ತಪ್ಪಿದೆ ಎಂದು ವೈದ್ಯರು ಹೇಳಿದ ದಿನವೇ ಅಮ್ಮ ಮೀನು, ಮೊಟ್ಟೆ, ಬೇಳೆ ನಿಲ್ಲಿಸಿದರು. ಮೂರು ತಿಂಗಳಿಂದ ಗಂಜಿ, ಉಪ್ಪಿನಕಾಯಿ. ಕಲೆಗಳು ಹಾಗೆಯೇ ಇವೆ. ನಾಗದೋಷ ಎನ್ನುವವರೂ ಇದ್ದಾರೆ. ಏನು ಮಾಡಲಿ?’

ಸಂಪಾದಕರ ಉತ್ತರ:

ಮೊದಲು ನಿಮ್ಮ ತಂದೆಯವರಿಗೆ ಮೀನು ಬಡಿಸಿ. ಅಮ್ಮನವರ ಮೇಲೆ ಸಿಟ್ಟಾಗಬೇಡಿ, ಅವರನ್ನು ದಾರಿ ತಪ್ಪಿಸಿದ್ದು ಒಂದು ಪದ. ವೈದ್ಯರು ಹೇಳಿದ್ದು ಬಟ್ಟಲಿನ ಪ್ರೋಟೀನ್ ಅಲ್ಲ, ಚರ್ಮದ ಜೀವಕೋಶಗಳು ತಾವೇ ಕಟ್ಟಿಕೊಳ್ಳುವ ಪ್ರೋಟೀನ್. ತಿಂದ ಬಂಗುಡೆ ಹೊಟ್ಟೆ, ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಅದರಿಂದ ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಎಂಬುದನ್ನು ಬಂಗುಡೆ ನಿರ್ಧರಿಸುವುದಿಲ್ಲ.

ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶದಲ್ಲಿ ಕೆರಟಿನ್ ಎಂಬ ಗಟ್ಟಿ ಪ್ರೋಟೀನಿನ ಬಗೆಗಳಾದ ಕೆರಟಿನ್ 5 ಮತ್ತು 14 ಇರುತ್ತವೆ. ಅದು ಮೇಲೇರುತ್ತಿದ್ದಂತೆ ಕೆರಟಿನ್ 1 ಮತ್ತು 10 ಬರುತ್ತವೆ, ಆಮೇಲೆ ಹೊರಪದರವನ್ನು ಗಟ್ಟಿಗೊಳಿಸುವ ಲೋರಿಕ್ರಿನ್, ಫಿಲಾಗ್ರಿನ್ ಎಂಬ ಪ್ರೋಟೀನ್‌ಗಳು. ಕೊನೆಗೆ ಕೋಶ ತನ್ನ ನ್ಯೂಕ್ಲಿಯಸ್ ಕಳೆದುಕೊಂಡು, ಚಪ್ಪಟೆಯಾಗಿ, ಗಟ್ಟಿಯಾಗಿ, ನಮಗೆ ತಿಳಿಯದಂತೆ ಉದುರುತ್ತದೆ. ಈ ಪಯಣಕ್ಕೆ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ಅದು ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಕೆರಟಿನ್ 1 ಮತ್ತು 10 ಇಳಿಯುತ್ತವೆ. ಗಾಯ ಮಾಯುವಾಗ ಕಾಣಿಸಿಕೊಳ್ಳುವ 6, 16, 17 ಏರುತ್ತವೆ. ಗಾಯವೇ ಇಲ್ಲದ ಕಡೆ ಗಾಯ ಮುಚ್ಚುವ ಗಡಿಬಿಡಿ! ಲೋರಿಕ್ರಿನ್, ಫಿಲಾಗ್ರಿನ್ ಸಾಲುವುದಿಲ್ಲ. ನಮ್ಮ ಮಂಗಳೂರು ಹಂಚನ್ನು ಬೇಯುವ ಮೊದಲೇ ಗೂಡಿನಿಂದ ಎಳೆದು ಮಾಡಿಗೆ ಹೊದಿಸಿದಂತೆ. ತಂದೆಯವರ ಕಪ್ಪು ಅಂಗಿಯ ಹೆಗಲ ಮೇಲೆ ಬೀಳುವ ಬೆಳ್ಳಗಿನ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಇರಬಾರದ ನ್ಯೂಕ್ಲಿಯಸ್ ಅದರಲ್ಲಿ ಹಾಗೆಯೇ ಉಳಿದಿರುವುದು ಕಾಣುತ್ತದೆ.

ಈ ಅವಸರಕ್ಕೆ ಕುಮ್ಮಕ್ಕು ಕೊಡುವುದು ನಮ್ಮದೇ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಸುರಿಸುವ ಇಂಟರ್‌ಲ್ಯೂಕಿನ್ 17ರಂಥ ಸಂದೇಶಗಳು. ಚರ್ಮದ ಕೋಶವೂ ಸುಮ್ಮನಿರುವುದಿಲ್ಲ. ಸೋರಿಯಾಸಿನ್ ಎಂಬ ಪ್ರೋಟೀನನ್ನು ವಿಪರೀತ ತಯಾರಿಸಿ ಇನ್ನಷ್ಟು ರಕ್ಷಣಾ ಕೋಶಗಳನ್ನು ಕರೆಯುತ್ತದೆ. ಇವರು ಅವರನ್ನು ಕೆಣಕುವುದು, ಅವರು ಇವರನ್ನು ಕೆಣಕುವುದು, ಹೀಗೆ ಜಗಳ ನಿಲ್ಲುವುದೇ ಇಲ್ಲ. ಈಗಿನ ಕೆಲವು ಚುಚ್ಚುಮದ್ದುಗಳು ಆ ಇಂಟರ್‌ಲ್ಯೂಕಿನ್ 17 ಅನ್ನೇ ತಡೆಯುತ್ತವೆ. ಎಲ್ಲರಿಗೂ ಅವು ಬೇಕಾಗುವುದಿಲ್ಲ. ಅನೇಕರಿಗೆ ಮುಲಾಮೇ ಸಾಕು.

ನಾಗನಿಗೆ ತಂಬಿಲ ಕೊಡುವುದು ನಿಮ್ಮ ಮನೆಯ ನಂಬಿಕೆ, ಕೊಡಿ. ಮುಲಾಮು ಮಾತ್ರ ನಿಲ್ಲಿಸಬೇಡಿ. ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರೆ ವೈದ್ಯರನ್ನು ಕೇಳದೆ ಬಿಡಲೇಬೇಡಿ, ಕಾಯಿಲೆ ಒಮ್ಮೆಲೇ ಉಲ್ಬಣಿಸಬಹುದು. ಪಥ್ಯ ಮಾಡಲೇಬೇಕೆಂದಿದ್ದರೆ ಮದ್ಯ, ಸಿಗರೇಟು ಬಿಡಿಸಿ. ತೂಕ ಹೆಚ್ಚಿದ್ದರೆ ಇಳಿಸಲಿ.

ನನ್ನ ಚಿಕ್ಕಪ್ಪನಿಗೂ ಇದೇ ಇತ್ತು. ಊರಿನ ಕ್ಷೌರದಂಗಡಿಯಲ್ಲಿ ಅವರಿಗೆಂದು ಹಲ್ಲು ಮುರಿದ ಬಾಚಣಿಗೆಯೊಂದನ್ನು ಬೇರೆ ಇಟ್ಟಿದ್ದರು. ಇದು ಅಂಟುವ ರೋಗವಲ್ಲ ಎಂದು ಚಿಕ್ಕಪ್ಪ ಒಮ್ಮೆಯೂ ಹೇಳಲಿಲ್ಲ. ಕೊನೆಕೊನೆಗೆ ಮನೆಯಲ್ಲೇ ಕತ್ತರಿಸಿಕೊಳ್ಳುತ್ತಿದ್ದರು.

ನೀವು ಬರೆಯದ ಒಂದು ಸಂಗತಿಯಿದೆ. ಬೆಳಿಗ್ಗೆ ಏಳುವಾಗ ತಂದೆಯವರ ಬೆರಳುಗಳ ಗಂಟು ಬಿಗಿದಿರುತ್ತದೆಯೇ, ಅಂಗಿಯ ಗುಂಡಿ ಹಾಕಲು ತಡವಾಗುತ್ತದೆಯೇ? ಸೋರಿಯಾಸಿಸ್ ಕೆಲವರ ಕೀಲುಗಳಿಗೂ ಇಳಿಯುತ್ತದೆ. ನಾಳೆಯೇ ಕೇಳಿ ನೋಡಿ, ಹೌದೆಂದರೆ ವೈದ್ಯರಿಗೆ ತಿಳಿಸಿ.