ಕಾಫಿ ಮೊದಲೋ, ಕಬ್ಬಿಣದ ಮಾತ್ರೆ ಮೊದಲೋ?

ಪ್ರಶ್ನೆ: ಮಗಳಿಗೆ 15 ವರ್ಷ, ಈ ಸಲ ಎಸ್‌ಎಸ್‌ಎಲ್‌ಸಿ. ಯಾವಾಗಲೂ ಸುಸ್ತು ಅನ್ನುತ್ತಾಳೆ, ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಹಿಮೋಗ್ಲೋಬಿನ್ 9.6 ಇತ್ತು. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಬೆಳಿಗ್ಗೆ ತಿಂಡಿ, ಕಾಫಿ ಆದ ಕೂಡಲೇ ಕೊಡುತ್ತಿದ್ದೇನೆ. ಎರಡು ತಿಂಗಳಾದರೂ 9.9ಕ್ಕೆ ಬಂದಿದೆ ಅಷ್ಟೇ. ಬೀಟ್‌ರೂಟ್ ಜ್ಯೂಸ್, ಹಾಲು ಹಾಕಿದ ರಾಗಿ ಮಾಲ್ಟ್ ದಿನಾ ಕೊಡುತ್ತೇನೆ. ಬೇರೆ ಮಾತ್ರೆ ಬೇಕೇ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಮಾತ್ರೆ ಬದಲಿಸುವ ಮುಂಚೆ ಅದನ್ನು ಕೊಡುವ ಹೊತ್ತು ಬದಲಿಸಿ ನೋಡಿ. ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ಕರುಳಿನಲ್ಲೇ ಕಬ್ಬಿಣಕ್ಕೆ ಅಂಟಿಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತವೆ. ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡಗಾಲು ಹಾಕುತ್ತದೆ. ಫಿಲ್ಟರ್ ಕಾಫಿಯಲ್ಲಿ ಇವೆರಡೂ ಒಂದೇ ಲೋಟದಲ್ಲಿರುತ್ತವೆ. ತಪ್ಪದೆ ಮಾತ್ರೆ ನುಂಗಿಯೂ ಎರಡು ತಿಂಗಳಲ್ಲಿ 0.3 ಗ್ರಾಂ ಮಾತ್ರ ಏರಿದೆ ಅಂದರೆ ಮೊದಲು ಅನುಮಾನಿಸಬೇಕಾದದ್ದು ಆ ಲೋಟವನ್ನೇ.

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಬರಿ ಹೊಟ್ಟೆಯಲ್ಲಿ ಮಾತ್ರೆ ಕೊಡಿ. ಅರ್ಧ ನಿಂಬೆಹಣ್ಣು ಹಿಂಡಿದ ಒಂದು ಲೋಟ ನೀರಿನ ಜೊತೆ ಕೊಟ್ಟರೆ ಇನ್ನೂ ಒಳ್ಳೆಯದು, ವಿಟಮಿನ್ ಸಿ ಕಬ್ಬಿಣ ಒಳಹೋಗಲು ನೆರವಾಗುತ್ತದೆ. ತಿಂಡಿ ಒಂದು ಗಂಟೆ ಬಿಟ್ಟು, ಕಾಫಿ ಕನಿಷ್ಠ ಎರಡು ಗಂಟೆ ಬಿಟ್ಟು. ಏಳೂವರೆಗೆ ಸ್ಕೂಲ್ ಬಸ್ ಹಿಡಿಯುವ ಹುಡುಗಿಗೆ ಇದು ಆಗದ ಮಾತು ಅನ್ನುವುದಾದರೆ ರಾತ್ರಿಗೆ ಹಾಕಿ: ಎಂಟಕ್ಕೆ ಊಟ, ಹತ್ತಕ್ಕೆ ಮಾತ್ರೆ. ಆದರೆ ಮಲಗುವಾಗ ಒಂದು ಲೋಟ ಹಾಲು ಕುಡಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಆ ಹಾಲನ್ನು ಸಂಜೆ ಐದಕ್ಕೇ ಮುಗಿಸಬೇಕು. ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ ಎರಡರ ನಡುವೆ ಎರಡು ಗಂಟೆ ಅಂತರವಿರಲಿ. ಗ್ಯಾಸ್ಟ್ರಿಕ್‌ಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಹೊಟ್ಟೆಯ ಆಮ್ಲ ತಗ್ಗಿದಷ್ಟೂ ಕಬ್ಬಿಣ ಹೀರಿಕೆ ತಗ್ಗುತ್ತದೆ.

ಬರಿ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ಊಟದ ಜೊತೆ ಕೊಡಬಹುದು. ಹೀರಿಕೆ ಸ್ವಲ್ಪ ಕಡಿಮೆಯಾದರೂ ಮಾತ್ರೆಯನ್ನೇ ಬಿಡುವುದಕ್ಕಿಂತ ಮೇಲು. ಮಲ ಕಪ್ಪಗಾಗುವುದು ಸಹಜ, ಹೆದರಬೇಡಿ. ಮಲಬದ್ಧತೆ ವಿಪರೀತವಾದರೆ ದಿನ ಬಿಟ್ಟು ದಿನ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ, ಅದೂ ಒಂದು ಒಪ್ಪಿತ ಕ್ರಮವೇ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಡಬ್ಬಿ ಕೈಗೆ ಸಿಗದ ಕಡೆ ಇಡಿ. ಪೆಪ್ಪರಮಿಂಟು ಎಂದು ನಾಲ್ಕಾರು ನುಂಗಿದರೆ ಜೀವಕ್ಕೇ ಅಪಾಯ.

ಇನ್ನು ಬೀಟ್‌ರೂಟ್. ಕೆಂಪಗಿರುವುದರಿಂದ ರಕ್ತ ಬರುತ್ತದೆ ಎಂಬ ನಂಬಿಕೆ ಬಿಟ್ಟರೆ ಅದಕ್ಕೆ ಬೇರೆ ಆಧಾರವಿಲ್ಲ. 100 ಗ್ರಾಂನಲ್ಲಿ ಕಬ್ಬಿಣ 1 ಮಿ.ಗ್ರಾಂ ಕೂಡ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿ, 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಕಬ್ಬಿಣ ಸುಮಾರು 4 ಮಿ.ಗ್ರಾಂ, ಅದನ್ನೂ ಫೈಟೇಟ್ ಎಂಬ ಅಂಶ ಹಿಡಿದಿಟ್ಟುಕೊಂಡಿರುತ್ತದೆ. ರಾಗಿ ಮೊಳಕೆ ಬರಿಸಿ ಹುರಿದು ಹಿಟ್ಟು ಮಾಡಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮಾಲ್ಟ್ ಬಿಡಬೇಕಿಲ್ಲ, ಮೂಳೆಗೆ ಒಳ್ಳೆಯದು. ಮಾತ್ರೆಯ ಹತ್ತಿರಕ್ಕೆ ಬಾರದಂತೆ ಸಂಜೆಗೆ ಇಟ್ಟುಕೊಳ್ಳಿ. ಕಬ್ಬಿಣಕ್ಕಾದರೆ ಮೊಳಕೆ ಹುರುಳಿಯ ಬಸ್ಸಾರು, ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ಮಾಂಸ ತಿನ್ನುವವರಾದರೆ ವಾರಕ್ಕೊಮ್ಮೆ ಕುರಿಯ ಲಿವರ್. ನಿಂಬೆಹಣ್ಣನ್ನು ಒಲೆಯಿಂದ ಇಳಿಸಿದ ಮೇಲೇ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ಊಟದ ಜೊತೆ ಅರ್ಧ ಸೀಬೆಹಣ್ಣು ತಿಂದರೂ ಆಯಿತು. ಇದೆಲ್ಲ ಮಾತ್ರೆಯ ಜೊತೆಗೆ, ಅದರ ಬದಲಿಗಲ್ಲ. ಈ ವಯಸ್ಸಿನ ಹುಡುಗಿಯರಿಗೆ 12 ಗ್ರಾಂ ಇರಬೇಕು, 9.9 ಅನ್ನುವುದು ಊಟದಿಂದಷ್ಟೇ ತುಂಬುವ ಕೊರತೆಯಲ್ಲ.

ಹೊತ್ತು ಸರಿಯಾದ ಮೇಲೆ ಒಂದು ತಿಂಗಳಲ್ಲಿ ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ಕಾರಣ ಬೇರೆ ಕಡೆ ಇದೆ. ಮುಟ್ಟಿನ ಸ್ರಾವ ಏಳು ದಿನ ದಾಟುತ್ತದೆಯೇ, ಒಂದೆರಡು ಗಂಟೆಗೇ ಪ್ಯಾಡ್ ಬದಲಿಸಬೇಕಾಗುತ್ತದೆಯೇ ಎಂದು ಮಗಳನ್ನು ಕೇಳಿ, ಅವಳಾಗಿ ಹೇಳಲಿಕ್ಕಿಲ್ಲ. ಜಂತುಹುಳುವಿನ ಮಾತ್ರೆ ಯಾವಾಗ ಕೊಟ್ಟಿದ್ದೆಂದು ನೆನಪಿಸಿಕೊಳ್ಳಿ. ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಫೆರಿಟಿನ್ ಚೆನ್ನಾಗಿದ್ದು ರಕ್ತಕಣದ ಗಾತ್ರ, ಅಂದರೆ ಎಂಸಿವಿ, ಕಡಿಮೆ ಬಂದರೆ ಥಲಸ್ಸೀಮಿಯಾ ಎಂಬ, ವಂಶದಲ್ಲಿ ಬರುವ ರಕ್ತದ ತೊಂದರೆಯ ಗುಣವಿದೆಯೇ ಎಂದು ನೋಡಬೇಕಾಗುತ್ತದೆ, ಆಗ ಕಬ್ಬಿಣ ತುಂಬಿ ಪ್ರಯೋಜನವಿಲ್ಲ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಿದ್ದರೆ ಅದೂ ಕಬ್ಬಿಣದ್ದೇ, ಡಾಕ್ಟರಿಗೆ ತಿಳಿಸಿ. 12 ಮುಟ್ಟಿದ ದಿನವೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು: ದೇಹದ ದಾಸ್ತಾನು ತುಂಬಲು ಆಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಬೇಕು.

ಪ್ರಶ್ನೆ: ತಂದೆಯವರಿಗೆ 62. ಕ್ಲಿನಿಕ್‌ನಲ್ಲಿ ಬಿಪಿ 150/90 ಬಂತು. ಮನೆಯಲ್ಲಿ ಮೆಷಿನ್ ತಂದು ನೋಡಿದರೆ ಒಮ್ಮೆ 128, ಹತ್ತು ನಿಮಿಷಕ್ಕೆ 147. ಮೆಷಿನ್ ಸರಿ ಇಲ್ಲವೇ?
– ಓದುಗರು, ಯಲಹಂಕ

ಉತ್ತರ: ಮೆಷಿನ್‌ಗಿಂತ ನೋಡುವ ರೀತಿಯಲ್ಲೇ ತಪ್ಪಿರುವುದು ಹೆಚ್ಚು. ಪಾರ್ಕಿನಿಂದ ವಾಕಿಂಗ್ ಮುಗಿಸಿ ಬಂದು, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ, ಅಂಗಿಯ ತೋಳನ್ನು ಬಿಗಿಯಾಗಿ ಮೇಲೆ ಮಡಚಿ, ಟಿವಿ ನೋಡುತ್ತಾ ಮಾತನಾಡುತ್ತಾ ಗುಂಡಿ ಒತ್ತಿದರೆ ಯಾವ ಮೆಷಿನ್ನೂ ಸರಿ ಹೇಳುವುದಿಲ್ಲ.

ಕಾಫಿ, ಸಿಗರೇಟು, ವಾಕಿಂಗ್ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂರಲಿ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬರಿ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ಅಂಗಡಿಯಲ್ಲಿ ಕೊಡುವ ಮಾಮೂಲಿ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ, ದಪ್ಪ ತೋಳಿಗೆ ಅದನ್ನೇ ಸುತ್ತಿದರೆ ಬಿಪಿ ಇಲ್ಲದಿದ್ದರೂ ಹೆಚ್ಚು ತೋರಿಸುತ್ತದೆ. ಟೇಪು ಹಿಡಿದು ಅಳೆದು, ಬೇಕಿದ್ದರೆ ದೊಡ್ಡ ಪಟ್ಟಿ ತನ್ನಿ.

ಬೆಳಿಗ್ಗೆ ತಿಂಡಿಗೂ ಮಾತ್ರೆಗೂ ಮುಂಚೆ ಎರಡು ಸಲ, ಒಂದು ನಿಮಿಷ ಬಿಟ್ಟು. ಸಂಜೆ ಮತ್ತೆ ಎರಡು ಸಲ. ಹೀಗೆ ಏಳು ದಿನ ಬರೆದಿಟ್ಟು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಅದು ಬಿಪಿಯೇ. ಕ್ಲಿನಿಕ್‌ನ 140/90ರ ಗೆರೆ ಮನೆಗೆ ಅನ್ವಯಿಸುವುದಿಲ್ಲ. ಆ ಚೀಟಿಯನ್ನೇ ಡಾಕ್ಟರಿಗೆ ತೋರಿಸಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಕಂಡರೆ ಮತ್ತೆ ಅಳೆಯುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಉಪ್ಪು ದಿನಕ್ಕೆ ಒಟ್ಟು ಒಂದು ಟೀ ಚಮಚ, 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರಾ ಬನ್ನು ಎಲ್ಲವೂ ಆ ಲೆಕ್ಕದಲ್ಲೇ.

ಪ್ರಶ್ನೆ: ಮೂರು ವರ್ಷದ ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಪೊಟ್ಟಣದಿಂದ ಒಂದು ಚಮಚ ತೆಗೆದು ಲೋಟದ ನೀರಿಗೆ ಹಾಕುತ್ತೇವೆ. ಸರಿಯೇ?
– ಓದುಗರು, ಬನಶಂಕರಿ

ಉತ್ತರ: ಬೇಡ. ಪೊಟ್ಟಣದಲ್ಲಿ ಉಪ್ಪು, ಗ್ಲೂಕೋಸ್, ಪೊಟ್ಯಾಷಿಯಂ, ಸಿಟ್ರೇಟ್ ಇರುತ್ತವೆ. ಚಮಚದಲ್ಲಿ ಯಾವುದು ಎಷ್ಟು ಬಂತೆಂದು ಹೇಳಲಾಗದು. ಗಟ್ಟಿಯಾದರೆ ಭೇದಿ ಹೆಚ್ಚಬಹುದು, ರಕ್ತದಲ್ಲಿ ಸೋಡಿಯಂ ಏರಬಹುದು. ತೆಳುವಾದರೆ ಕೊಟ್ಟೂ ಪ್ರಯೋಜನವಿಲ್ಲ. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸುರಿಯಿರಿ. 200 ಮಿ.ಲೀ.ಗೆ ಮಾಡಿದ ಚಿಕ್ಕ ಪೊಟ್ಟಣಗಳೂ ಇವೆ, ಮೇಲೆ ಬರೆದದ್ದು ಓದಿ. 24 ಗಂಟೆಯಲ್ಲಿ ಉಳಿದದ್ದು ಚೆಲ್ಲಿ. ಪ್ರತಿ ಸಲ ಭೇದಿಯಾದಾಗ 100–200 ಮಿ.ಲೀ., ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ. ಸಿಹಿ ಜ್ಯೂಸ್, ಸೋಡಾ ಇದರ ಬದಲಿಗೆ ಆಗುವುದಿಲ್ಲ. ಮೊಸರನ್ನ, ಗಂಜಿ, ಬಾಳೆಹಣ್ಣು ನಿಲ್ಲಿಸಬೇಡಿ. ದಿನಕ್ಕೆ 20 ಮಿ.ಗ್ರಾಂ ಸತುವನ್ನು, ಅಂದರೆ ಜಿಂಕ್, 14 ದಿನ ಕೊಡಲು ಡಾಕ್ಟರು ಹೇಳಿದ್ದರೆ ಭೇದಿ ನಿಂತ ಮೇಲೂ ಪೂರ್ತಿ ಕೊಡಿ. ಆರು ಗಂಟೆಯಿಂದ ಮೂತ್ರವಿಲ್ಲ, ಕಣ್ಣು ಗುಳಿಬಿದ್ದಿದೆ, ಮಲದಲ್ಲಿ ರಕ್ತ, ಕುಡಿಯಲೂ ಆಗದಷ್ಟು ಮಂಪರು: ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.