ಯೂಸ್ಕಾಲ್ಟೆಲ್ ಸೈಕ್ಲಿಂಗ್ ತಂಡವನ್ನು ಜನ ಅಷ್ಟೊಂದು ಪ್ರೀತಿಸಿದ್ದೇಕೆ?

ಅದು ನಾಡಿನ ಜನರದೇ ತಂಡವಾಗಿತ್ತು, ಅದಕ್ಕೆ. ಸ್ಪೇನಿನ ಬಾಸ್ಕ್ ಪ್ರಾಂತ್ಯದಲ್ಲಿ ಅಭಿಮಾನಿಗಳ ವಂತಿಗೆಯ ಬಲದಿಂದ ನಿಂತ ಪ್ರತಿಷ್ಠಾನವೊಂದು 1994ರಲ್ಲಿ ಈ ತಂಡವನ್ನು ರಸ್ತೆಗಿಳಿಸಿತು. ಸವಾರರು ಬಹುತೇಕ ಅಲ್ಲಿಯವರೇ, ಇಲ್ಲವೇ ಅಲ್ಲಿ ಪಳಗಿದವರು. ದೂರಸಂಪರ್ಕ ಕಂಪನಿ ಯೂಸ್ಕಾಲ್ಟೆಲ್ ಪ್ರಾಯೋಜಕನಾಗಿದ್ದು ಆಮೇಲೆ.

2001ರಲ್ಲಿ ತಂಡಕ್ಕೆ ಮೊದಲ ಬಾರಿಗೆ ಟೂರ್ ಡಿ ಫ್ರಾನ್ಸ್, ದಿನಕ್ಕೊಂದು ಹಂತದಂತೆ ವಾರಗಟ್ಟಲೆ ನಡೆಯುವ ಸೈಕಲ್ ರೇಸ್. ಪಿರೆನೀಸ್ ಪರ್ವತದ ಲೂಝ್ ಆರ್ಡಿಡೆನ್ ಏರಿನ ಇಕ್ಕೆಲಗಳಲ್ಲೂ ತಂಡದ ಬಣ್ಣವಾದ ಕಿತ್ತಳೆಯ ಅಂಗಿ ತೊಟ್ಟ ಜನ. ಸೈಕಲ್ ಮೈಮೇಲೆ ಬಂತೆನ್ನುವಾಗ ಸರಿದು ದಾರಿ ಬಿಡುವ ಉತ್ಸಾಹ. ತಮ್ಮವರ ಆ ಕೂಗಿನ ನಡುವೆ ತಂಡದ ಸವಾರ ರಾಬರ್ಟೊ ಲೈಸೆಕಾ ಆ ದಿನದ ಹಂತ ಗೆದ್ದರು. ಸೈಕ್ಲಿಂಗ್‌ನಲ್ಲಿ ಇದಕ್ಕಿಂತ ಚೆಂದದ ದಿನ ನನಗೆ ನೆನಪಾಗುವುದಿಲ್ಲ. 2003ರ ಟೂರ್‌ನಲ್ಲಿ ತಂಡದ ಇಬಾನ್ ಮಾಯೊ ಆಲ್ಪ್ಸ್ ಪರ್ವತದ ಆಲ್ಪ್ ಡಿ ಹ್ಯೂಯೆಜ್ ಏರಿನ ಹಂತ ಗೆದ್ದದ್ದೂ ಸಣ್ಣ ಮಾತಲ್ಲ.

2013ರ ಕೊನೆಗೆ ತಂಡ ಮುಚ್ಚಿತು. ಆದರೆ ಪ್ರತಿಷ್ಠಾನ 2018ರಲ್ಲಿ ಹೊಸ ತಂಡ ಕಟ್ಟಿತು. 2020ರಲ್ಲಿ ಹಳೆಯ ಪ್ರಾಯೋಜಕನ ಹೆಸರೂ ಮರಳಿತು.